ಮೊದಲು ನಾಣ್ಯದ ಹಿಮ್ಮೈ ನೋಡಿ

ಗ್ರೀಸ್‌ನ ಆರಂಭಕಾಲದ ಬೆಳ್ಳಿ ನಾಣ್ಯಗಳನ್ನು, ಅಂದರೆ ಸುಮಾರು ಕ್ರಿ.ಪೂ. 550ರಿಂದ 480ರವರೆಗಿನವನ್ನು, ಸಂಗ್ರಹಿಸಲು ಹೊರಟವರು ಪರೀಕ್ಷೆಗೆಂದು ನನ್ನ ಬಳಿಗೆ ಹೆಚ್ಚಾಗಿ ತರುವುದು ಏಜಿನಾ ದ್ವೀಪದ ಆಮೆ ನಾಣ್ಯವನ್ನು. ತಂದವರು ಆಮೆ ಕಾಣುವಂತೆ ಅದನ್ನು ಮೇಜಿನ ಮೇಲಿಡುತ್ತಾರೆ. ನಾನು ಮೊದಲು ಮಗುಚಿ ನೋಡುತ್ತೇನೆ. ಚಿತ್ರವೇ ಇಲ್ಲದ ಆ ಹಿಮ್ಮೈಯೇ ನಾಣ್ಯದ ವಯಸ್ಸನ್ನೂ ಸಾಚಾತನವನ್ನೂ ಹೆಚ್ಚು ನಂಬಿಕೆಯಿಂದ ಹೇಳುತ್ತದೆ ಎಂಬುದು ನಾನು ಕಂಡುಕೊಂಡ ಮಾತು.

ಆಗಿನ ಟಂಕಸಾಲೆಯಲ್ಲಿ ಆಮೆಯನ್ನು ತಗ್ಗಾಗಿ ಕೆತ್ತಿದ ಅಚ್ಚನ್ನು ಅಡೆಗಲ್ಲಿನಲ್ಲಿ ಕೂರಿಸಿ, ತೂಕಕ್ಕೆ ಸರಿಮಾಡಿದ ದಪ್ಪ ಬೆಳ್ಳಿ ಬಿಲ್ಲೆಯನ್ನು ಅದರ ಮೇಲಿಟ್ಟು, ಮೊಳೆಯಂತಹ ಲೋಹದ ಗೂಟವನ್ನು ಬಿಲ್ಲೆಯ ಮೇಲೆ ನಿಲ್ಲಿಸಿ ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಗೂಟ ನಾಟಿದಾಗ ಬೆಳ್ಳಿ ಕೆಳಗಿನ ಅಚ್ಚಿನೊಳಕ್ಕೆ ತುಂಬಿಕೊಂಡು ಆಮೆ ಉಬ್ಬಿ ಬರುತ್ತಿತ್ತು, ಹಿಂದೆ ಗೂಟದ ಗುಂಡಿ ಉಳಿಯುತ್ತಿತ್ತು. ಹಳೆಯ ನಾಣ್ಯಗಳಲ್ಲಿ ಈ ಗುಂಡಿ ಎಂಟು ತ್ರಿಕೋನಗಳಾಗಿ ಆಳವಾಗಿ ಒಡೆದಿರುತ್ತದೆ; ಮುಂದೆ ಅದು ಓರೆಗೆರೆಯಿರುವ ಐದು ಅಂಕಣಗಳಾಗಿ ಮಾರ್ಪಡುತ್ತದೆ. ಆಮೆಯೂ ಬದಲಾಗುತ್ತದೆ: ನುಣುಪು ಬೆನ್ನಿನ ನಡುವೆ ಸಾಲುಚುಕ್ಕೆಯಿರುವ ಕಡಲಾಮೆ ಹೋಗಿ, ಕ್ರಿ.ಪೂ. ಐದನೆಯ ಶತಮಾನದ ನಡುಭಾಗದಲ್ಲಿ ಚಿಪ್ಪಿನ ಬಿಲ್ಲೆಗಳು ಎದ್ದುಕಾಣುವ ನೆಲದಾಮೆ ಬರುತ್ತದೆ.

ಕಳೆದ ಮಳೆಗಾಲದಲ್ಲಿ ಸಂಗ್ರಾಹಕರೊಬ್ಬರು ಎರಡು ಆಮೆಗಳನ್ನು ತಂದಿದ್ದರು. ಒಂದು ಬಹಳ ಚೆಂದದ ನೆಲದಾಮೆ, ಆದರೆ ಅದರ ಹಿಂದೆ ಎಂಟು ತ್ರಿಕೋನಗಳ ಹಳೆಯ ಗುಂಡಿ. ಹಲವು ದಶಕಗಳ ಅಂತರವಿರುವ ಎರಡು ಮುಖಗಳು ಒಂದೇ ನಾಣ್ಯದಲ್ಲಿ ಸೇರಲಾರವು. ಅಂಚನ್ನು ಭೂತಗನ್ನಡಿಯಲ್ಲಿ ನೋಡಿದಾಗ ಅರದಿಂದ ಉಜ್ಜಿ ಅಳಿಸಿದ ಎರಕದ ಗೆರೆ ಕಾಣಿಸಿತು; ಸುತ್ತಿಗೆಯಿಂದ ಹೊಡೆದು ಮಾಡಿದ ನಾಣ್ಯದಲ್ಲಿ ಅಂತಹ ಗೆರೆ ಇರುವುದಿಲ್ಲ. ಎಳೆಯಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ತೂಗಿದೆ: 12.10 ಗ್ರಾಂ ಇದ್ದದ್ದು ನೀರಿನಲ್ಲಿ 1.31 ಗ್ರಾಂ ಕಡಿಮೆಯಾಯಿತು, ಎಂದರೆ ಸಾಂದ್ರತೆ 9.2 ಮಾತ್ರ, ಶುದ್ಧ ಬೆಳ್ಳಿಯದು 10.49. ತೂಕವೊಂದನ್ನೇ ನಂಬಿದ್ದರೆ ಮೋಸ ಹೋಗುತ್ತಿದ್ದೆವು, ಏಕೆಂದರೆ ಸ್ಟೇಟರ್ ಎಂಬ ಏಜಿನಾದ ಸಾಚಾ ಆಮೆ ನಾಣ್ಯ ಕೂಡ 12 ಗ್ರಾಂಗಿಂತ ತುಸು ಹೆಚ್ಚು ತೂಗುತ್ತದೆ.

ಎರಡನೆಯದು ನೋಡಲು ಸಪ್ಪೆ. ಆಮೆಯ ಬೆನ್ನು ಸವೆದಿತ್ತು, ಅಂಚಿನಲ್ಲಿ ಹೊಡೆತಕ್ಕೆ ಬಿಲ್ಲೆ ಬಿರಿದ ಸೀಳುಗಳಿದ್ದವು, ಚಿಪ್ಪಿಗೆ ಅಡ್ಡವಾಗಿ ಉಳಿಯಿಂದ ಕಡಿದ ಗಾಯವಿತ್ತು. ನನಗೆ ಆ ಗಾಯವೇ ದೊಡ್ಡ ಸಾಕ್ಷಿ. ಗ್ರೀಕ್ ಬೆಳ್ಳಿ ಈಜಿಪ್ಟಿಗೂ ಪೂರ್ವದ ನಾಡುಗಳಿಗೂ ಹೋದಾಗ ಅಲ್ಲಿಯವರಿಗೆ ಅದು ತೂಕದ ಬೆಳ್ಳಿ. ಒಳಗೆ ತಾಮ್ರ ಅಡಗಿದೆಯೇ ಎಂದು ಕಡಿದು ನೋಡುತ್ತಿದ್ದರು. 1969ರಲ್ಲಿ ಈಜಿಪ್ಟಿನ ಅಸ್ಯೂತ್‌ನಲ್ಲಿ ಸಿಕ್ಕ ಸುಮಾರು 900 ನಾಣ್ಯಗಳಲ್ಲಿ ಅನೇಕವು ಹೀಗೆಯೇ ಕಡಿಸಿಕೊಂಡಿವೆ. ಕಾಬೂಲಿನ ಚಮನ್ ಹಝೂರಿಯಲ್ಲಿ 1933ರಲ್ಲಿ ದೊರೆತ ನಿಧಿಯಲ್ಲಂತೂ ಗ್ರೀಕ್ ನಾಣ್ಯಗಳು ನಮ್ಮ ಕಡೆಯ ನಾಣ್ಯಗಳಾದ ಬಾಗಿದ ಬೆಳ್ಳಿ ಪಟ್ಟಿಗಳ ಜೊತೆಗೇ ಇದ್ದವು.

ಉಳಿಯ ಆ ಗಾಯಕ್ಕೆ ಬೆಳ್ಳಿ ತುಂಬಿಸಿ ನುಣುಪು ಮಾಡಿಸಬಹುದೇ ಎಂದು ಸಂಗ್ರಾಹಕರು ಕೇಳಿದರು. ಖಂಡಿತ ಬೇಡವೆಂದೆ. ಎರಡೂವರೆ ಸಾವಿರ ವರ್ಷ ಮಣ್ಣಿನಲ್ಲಿದ್ದ ಬೆಳ್ಳಿ ಒಳಗೊಳಗೇ ಹರಳುಗಟ್ಟಿ ಪೆಡಸಾಗಿರುತ್ತದೆ, ತುಂಬಿಸಲೆಂದು ಕಾಯಿಸಿದರೆ ಮುರಿದೀತು. ಗಾಯದೊಳಗೆ ತಳದವರೆಗೂ ಕಾಣುತ್ತಿದ್ದ ಬೆಳ್ಳಿಯನ್ನು ಅವರಿಗೆ ಭೂತಗನ್ನಡಿಯಲ್ಲಿ ತೋರಿಸಿ, ನಾಣ್ಯವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಹಿಂದಿರುಗಿಸಿದೆ.