ಹೇ (hay), ಸ್ಟ್ರಾ (straw): ಮೊಲಕ್ಕೆ ಗೊತ್ತಿದ್ದ ವ್ಯತ್ಯಾಸ

ಪುಣೆಯ ಕೋಥರೂಡ್‌ನ ನಮ್ಮ ಮನೆಗೆ ಮೇ ತಿಂಗಳಲ್ಲಿ ಹಾಪೂಸ್ ಮಾವಿನ ಪೆಟ್ಟಿಗೆ ಬರುತ್ತದೆ. ಈ ಸಲ ಹಣ್ಣು ತೆಗೆದಿಟ್ಟ ಮೇಲೆ ಅದರೊಳಗಿನ ಭತ್ತದ ಹುಲ್ಲನ್ನು ಮಗಳು ಬಾಚಿ ಮೊಲದ ಗೂಡಿಗೆ ಹಾಕಿದಳು. "ಸುಮ್ನೆ ಯಾಕಪ್ಪಾ ಅಂಗಡಿ ಹೇ ತರೋದು? ಇದೂ ಒಣಹುಲ್ಲೇ ಅಲ್ವಾ?" ಮೊಲ ಮೂಸಿ ನೋಡಿತು. ಅದರ ಮೇಲೆ ಆರಾಮಾಗಿ ಮಲಗಿತು. ತಿನ್ನಲಿಲ್ಲ.

ಇಂಗ್ಲಿಷಿನಲ್ಲಿ ಹೇ ಅಂದರೆ ತಿನ್ನಿಸಲೆಂದೇ ಹಸಿರಿರುವಾಗ ಕೊಯ್ದು ಒಣಗಿಸಿದ ಮೇವು. ಎಲೆ ಜಾಸ್ತಿ, ಘಮವೂ ಇರುತ್ತದೆ. ಸ್ಟ್ರಾ ಅಂದರೆ ಕಾಳು ಬಡಿದುಕೊಂಡ ಮೇಲೆ ಉಳಿಯುವ ದಂಟು. ಹಳದಿ, ಒಳಗೆ ಪೊಳ್ಳು, ಸತ್ವ ಕಮ್ಮಿ. ಗಿಡ ಯಾವುದು ಅನ್ನುವುದಕ್ಕಿಂತ ಯಾವಾಗ ಕೊಯ್ದರು ಅನ್ನುವುದೇ ಇಲ್ಲಿ ಮುಖ್ಯ. ಓಟ್ಸ್ ಪೈರನ್ನು ಹಸಿರಲ್ಲೇ ಕೊಯ್ದು ಒಣಗಿಸಿದರೆ ಹೇ. ಕಾಳು ಮಾಗಿಸಿ, ಬಡಿದು ಬಿಟ್ಟರೆ ಅದೇ ಸ್ಟ್ರಾ.

ಪದಗಳ ಹುಟ್ಟಿನಲ್ಲೂ ಇದೇ ಇದೆ. ಹೇ ಬಂದದ್ದು 'ಕಡಿ' ಅನ್ನುವ ಅರ್ಥದ ಮೂಲದಿಂದ. ಸ್ಟ್ರಾ 'ಹರಡು' ಅನ್ನುವ ಪದದ ನಂಟ. ದನಗಳ ಕೆಳಗೆ ಹರಡುವ ಹಾಸು! ಜ್ಯೂಸ್ ಹೀರುವ ಸ್ಟ್ರಾ ಕೂಡ ಮೊದಲು ರೈ ಎಂಬ ಧಾನ್ಯದ ಪೊಳ್ಳು ದಂಟೇ ಆಗಿತ್ತು. 1888ರಲ್ಲಿ ಮಾರ್ವಿನ್ ಸ್ಟೋನ್ ಕಾಗದದ ಸ್ಟ್ರಾಕ್ಕೆ ಪೇಟೆಂಟ್ ಪಡೆದರು.

ನಮ್ಮಲ್ಲಿ ಕಾಳು ತೆಗೆದ ದಂಟನ್ನೇ ದನಕ್ಕೆ ಹಾಕುತ್ತೇವೆ. ಹಾಗಾಗಿ ಈ ಭೇದ ಬೇಕಾಗಲಿಲ್ಲ ಅಂತ ನನಗನ್ನಿಸುತ್ತದೆ. ನಾವು ಹೆಸರಿಡುವುದು ಬೆಳೆ ನೋಡಿ: ಭತ್ತದ ಹುಲ್ಲು, ರಾಗಿ ಹುಲ್ಲು, ನಮ್ಮ ವಿಜಯಪುರದ ಕಡೆ ಜೋಳದ ಕಣಕಿ. ಕಣಕಿಗೆ ಮರಾಠಿಯಲ್ಲಿ ಕಡಬಾ ಅಂತಾರೆ. ಪುಣೆಗೆ ಬಂದ ಹೊಸದರಲ್ಲಿ ಎಮ್ಮೆಗೆ ಕಡಬು ತಿನ್ನಿಸುತ್ತಾರೆ ಅಂದುಕೊಂಡಿದ್ದೆ ನಾನು.

ಗಾದೆಯಲ್ಲೂ ದಾರಿ ಬೇರೆ. ಬಿಸಿಲಿದ್ದಾಗಲೇ ಹೇ ಒಣಗಿಸಿಕೋ ಅನ್ನುತ್ತದೆ ಇಂಗ್ಲಿಷ್. ಮಳೆ ಯಾವಾಗ ಬರುತ್ತದೋ ಅನ್ನುವ ಊರಿನವರ ಮಾತು. ನಾವು ಅನ್ನುವುದು ಗಾಳಿ ಬಂದಾಗ ತೂರಿಕೋ ಅಂತ. ಅಷ್ಟೊತ್ತಿಗೆ ಹುಲ್ಲು ಆಗಲೇ ಬಣವೆ ಸೇರಿರುತ್ತದೆ. ಕಣದಲ್ಲಿ ಉಳಿದಿರುವುದು ಕಾಳು, ಹೊಟ್ಟು ಅಷ್ಟೇ.