ಬೈರೂತ್‌ನ ಅಮೆರಿಕನ್ ವಿಶ್ವವಿದ್ಯಾಲಯ: ಅರಬ್ಬಿಯಲ್ಲಿ ಶುರುವಾಗಿ ಇಂಗ್ಲಿಷಿಗೆ ಹೊರಳಿದ ಕಾಲೇಜು

2020ರ ಡಿಸೆಂಬರ್‌ನಲ್ಲಿ ಲೆಬನಾನಿನ ರಾಜಧಾನಿ ಬೈರೂತ್‌ನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಅಲ್ಲಿನ ಅಮೆರಿಕನ್ ವಿಶ್ವವಿದ್ಯಾಲಯದ ಫೀಸು ಡಾಲರ್ ಲೆಕ್ಕದಲ್ಲಿದೆ. ಅದುವರೆಗೆ ಡಾಲರಿಗೆ ಲೆಬನಾನಿನ ಹಣದಲ್ಲಿ ಸುಮಾರು 1,500 ಲೀರಾ ಕಟ್ಟುತ್ತಿದ್ದರು. ಇನ್ನು ಮುಂದೆ 3,900 ಲೀರಾ ಕಟ್ಟಿ ಎಂದಿತು ಆಡಳಿತ. ಬ್ಯಾಂಕುಗಳು ಕುಸಿದು, ಅಪ್ಪ ಅಮ್ಮನ ಉಳಿತಾಯವೇ ಕೈಗೆ ಸಿಗದ ಹೊತ್ತಿನಲ್ಲಿ ಫೀಸು ಎರಡೂವರೆ ಪಟ್ಟು! ಇದು ಯಾರಿಗಾಗಿ ಇರುವ ಕಾಲೇಜು ಎಂಬ ಪ್ರಶ್ನೆ ಮತ್ತೆ ಎದ್ದಿತು. ಆ ಪ್ರಶ್ನೆಗೆ ನೂರೈವತ್ತು ವರ್ಷಗಳ ವಯಸ್ಸಾಗಿದೆ.

ಅಮೆರಿಕದ ಪ್ರಾಟೆಸ್ಟಂಟ್ ಮಿಷನರಿಗಳು 1866ರಲ್ಲಿ ಇದನ್ನು ಶುರು ಮಾಡಿದರು. ಆಗ ಹೆಸರು ಸಿರಿಯನ್ ಪ್ರಾಟೆಸ್ಟಂಟ್ ಕಾಲೇಜು. ಇದ್ದದ್ದು 16 ಹುಡುಗರು. ಮೊದಲ ಅಧ್ಯಕ್ಷ ಡೇನಿಯಲ್ ಬ್ಲಿಸ್. ಪಾಠ ನಡೆಯುತ್ತಿದ್ದದ್ದು ಅರಬ್ಬಿಯಲ್ಲಿ. ಇದನ್ನು ಕೇಳಿದರೆ ಈಗ ಎಷ್ಟೋ ಜನರಿಗೆ ಅಚ್ಚರಿಯಾಗುತ್ತದೆ. ಕಾರ್ನೀಲಿಯಸ್ ವ್ಯಾನ್ ಡೈಕ್ ಎಂಬ ಅಮೆರಿಕದ ವೈದ್ಯರು ಅರಬ್ಬಿಯನ್ನು ಚೆನ್ನಾಗಿ ಕಲಿತು, ವಿಜ್ಞಾನದ ಪಠ್ಯಪುಸ್ತಕಗಳನ್ನು ಅದರಲ್ಲೇ ಬರೆದರು. ಯಾಕೂಬ್ ಸರ್ರೂಫ್, ಫಾರಿಸ್ ನಿಮ್ರ್ ಎಂಬ ಇಬ್ಬರು ಯುವ ಅಧ್ಯಾಪಕರು 1876ರಲ್ಲಿ 'ಅಲ್ ಮುಕ್ತತಫ್' ಎಂಬ ವಿಜ್ಞಾನ ಪತ್ರಿಕೆ ತಂದರು. ಅರಬ್ಬಿಯಲ್ಲಿ ಹೊಸ ವಿಜ್ಞಾನ ಹೇಳಬಹುದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿತ್ತೇ?

ಆದರೂ 1870ರ ದಶಕದ ಕೊನೆಗೆ ಕಾಲೇಜು ಇಂಗ್ಲಿಷಿನ ಕಡೆ ಹೊರಳಿತು. ಮೊದಲು ಕಲಾ ವಿಭಾಗ, ಆಮೇಲೆ ವೈದ್ಯಕೀಯ. ಅರಬ್ಬಿ ಪುಸ್ತಕಗಳನ್ನು ಕಾಲಕಾಲಕ್ಕೆ ಹೊಸದು ಮಾಡುವುದು ಕಷ್ಟ, ಅರಬ್ಬಿ ಬಲ್ಲ ಅಮೆರಿಕನ್ ಮೇಷ್ಟ್ರುಗಳು ಸಿಗುವುದಿಲ್ಲ ಎಂಬುದು ಆಡಳಿತದ ವಾದ. ಕಷ್ಟ ನಿಜವೇ. ಆದರೆ ಅರಬ್ಬಿಯಲ್ಲಿ ಕಲಿಸಬಲ್ಲ ಊರಿನವರನ್ನೇ ಪ್ರೊಫೆಸರ್ ಮಾಡುವ ದಾರಿ ಇತ್ತಲ್ವಾ? ಆ ಕಾಲೇಜು ಅದಕ್ಕೆ ಮನಸ್ಸು ಮಾಡಲಿಲ್ಲ. ನನ್ನ ಮಟ್ಟಿಗೆ ಅದರ ದೊಡ್ಡ ತಪ್ಪು ಇದೇ.

1882ರ ಜುಲೈನಲ್ಲಿ ಇನ್ನೊಂದು ಜಗಳ ಹೊತ್ತಿಕೊಂಡಿತು. ಪದವಿ ಪ್ರದಾನದ ದಿನ ರಸಾಯನಶಾಸ್ತ್ರದ ಅಧ್ಯಾಪಕ ಎಡ್ವಿನ್ ಲೂಯಿಸ್ ಭಾಷಣ ಮಾಡಿದರು. ವಿಷಯ ಜ್ಞಾನ, ವಿಜ್ಞಾನ, ವಿವೇಕ. ಮಾತಾಡಿದ್ದು ಅರಬ್ಬಿಯಲ್ಲಿ. ನಡುವೆ ಡಾರ್ವಿನ್ ಹೆಸರನ್ನು ಗೌರವದಿಂದ ಎತ್ತಿದರು. ಡಾರ್ವಿನ್ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಧರ್ಮನಿಷ್ಠ ಆಡಳಿತ ಕೆಂಡವಾಯಿತು. ಲೂಯಿಸ್ ಕೆಲಸ ಬಿಡಬೇಕಾಯಿತು. ಅವರ ಪರ ನಿಂತ ವ್ಯಾನ್ ಡೈಕ್ ಕೂಡ ರಾಜೀನಾಮೆ ಕೊಟ್ಟು ಹೊರಟರು. ವೈದ್ಯಕೀಯ ವಿದ್ಯಾರ್ಥಿಗಳು ತರಗತಿ ಬಹಿಷ್ಕರಿಸಿದರು. ಅವರಲ್ಲೊಬ್ಬ ಜುರ್ಜಿ ಝೈದಾನ್. ಓದು ಅಲ್ಲಿಗೇ ನಿಂತಿತು. ಮುಂದೆ ಕೈರೋಗೆ ಹೋಗಿ 1892ರಲ್ಲಿ 'ಅಲ್ ಹಿಲಾಲ್' ಪತ್ರಿಕೆ ಕಟ್ಟಿದರು. ಸರ್ರೂಫ್, ನಿಮ್ರ್ ಕೂಡ ತಮ್ಮ ಪತ್ರಿಕೆಯನ್ನು ಕೈರೋಗೇ ಒಯ್ದರು. ಅರಬ್ಬಿಯಲ್ಲಿ ಹೊಸದಾಗಿ ಯೋಚಿಸುವವರನ್ನು ಬೈರೂತ್ ಕಾಲೇಜು ತಾನೇ ಬೆಳೆಸಿತು, ತಾನೇ ಕಳೆದುಕೊಂಡಿತು.

1909ರಲ್ಲಿ ಮುಸ್ಲಿಂ, ಯಹೂದಿ ವಿದ್ಯಾರ್ಥಿಗಳು ಕಡ್ಡಾಯ ಚರ್ಚ್ ಪ್ರಾರ್ಥನೆಗೆ ಹೋಗುವುದಿಲ್ಲ ಎಂದು ಪಟ್ಟು ಹಿಡಿದರು. ನಿಧಾನವಾಗಿ ಆ ಬಿಗಿ ಸಡಿಲಾಯಿತು. 1920ರಲ್ಲಿ ಹೆಸರಿನಿಂದ ಪ್ರಾಟೆಸ್ಟಂಟ್ ಎಂಬುದೂ ಹೋಯಿತು. ಆ ದಶಕದಲ್ಲಿ ಹೆಣ್ಣುಮಕ್ಕಳೂ ಬಂದರು. 1945ರಲ್ಲಿ ವಿಶ್ವಸಂಸ್ಥೆಯ ಸನ್ನದಿಗಾಗಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ ಪ್ರತಿನಿಧಿಗಳಲ್ಲಿ 19 ಮಂದಿ ಇಲ್ಲಿ ಓದಿದವರು. ಇಂಗ್ಲಿಷಿನಿಂದ ಸಿಕ್ಕ ಬಲ ಇದು, ಅಲ್ಲಗಳೆಯಲಾಗದು.

ಅಮೆರಿಕದ ಹೆಸರು ಹೊತ್ತಿದ್ದಕ್ಕೆ ಬೆಲೆಯನ್ನೂ ತೆತ್ತಿತು. 1984ರ ಜನವರಿ 18ರಂದು ಅಧ್ಯಕ್ಷ ಮಾಲ್ಕಮ್ ಕೆರ್ ಅವರನ್ನು ಅವರ ಕಚೇರಿಯ ಹೊರಗೇ ಗುಂಡಿಕ್ಕಿ ಕೊಂದರು. ಅವರು ಹುಟ್ಟಿದ್ದು ಬೈರೂತ್‌ನಲ್ಲೇ, ಅಪ್ಪ ಅಮ್ಮ ಅದೇ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದವರು. ಲೆಬನಾನಿನ ಅಂತರ್ಯುದ್ಧ ಮುಗಿದ ಮೇಲೆ, 1991ರಲ್ಲಿ, ಅಲ್ಲಿನ ಹಳೆಯ ಗಡಿಯಾರ ಗೋಪುರದ ಕಟ್ಟಡ ಬಾಂಬಿಗೆ ಉರುಳಿತು. ಮತ್ತೆ ಕಟ್ಟಿದರು.

ಲೀರಾ ಕುಸಿದಾಗ ಬಂದ ಪೆಟ್ಟು ಬೇರೆ ಥರದ್ದು. 2020ರಲ್ಲಿ ವಿಶ್ವವಿದ್ಯಾಲಯದ ಆಸ್ಪತ್ರೆಯ ನೂರಾರು ಸಿಬ್ಬಂದಿಯನ್ನು ಮನೆಗೆ ಕಳಿಸಿದರು. 2023ರಲ್ಲಿ ಸಂಸ್ಥೆ ಸೈಪ್ರಸ್‌ನ ಪಾಫೋಸ್‌ನಲ್ಲಿ ಇನ್ನೊಂದು ಕ್ಯಾಂಪಸ್ ತೆರೆಯಿತು. ಸಂಸ್ಥೆ ಉಳಿಯಲು ಅದು ಬೇಕಿರಬಹುದು. ಲೀರಾದಲ್ಲಿ ಸಂಬಳ ಎಣಿಸುವ ಮನೆಯ ಮಕ್ಕಳಿಗೆ ಮಾತ್ರ ಈಗ ಉಳಿದಿರುವ ದಾರಿ ವಿದ್ಯಾರ್ಥಿವೇತನವೊಂದೇ.