ಆಕೆಗೆ ಗೊತ್ತಾಗದಂತೆ ಆ ಗಳಿಗೆಯ ಚಿತ್ರ ತೆಗೆಯುವುದು ಹೇಗೆ?

ಪ್ರಶ್ನೆ: ಮುಂದಿನ ಪ್ರವಾಸದಲ್ಲಿ, ಸರೋವರದ ಪಕ್ಕದ ಒಂದು ಗುಡ್ಡದ ಮೇಲೆ, ಗೆಳತಿಗೆ ಉಂಗುರ ಕೊಟ್ಟು ಮದುವೆಯ ವಿಷಯ ಕೇಳಬೇಕೆಂದಿದ್ದೇನೆ. ನಾವಿಬ್ಬರೇ ಇರಬೇಕು, ಜನ ಸೇರಬಾರದು. ಆದರೆ ಆ ಗಳಿಗೆಯ ಒಂದು ಒಳ್ಳೆಯ ಚಿತ್ರವೂ ಬೇಕು. ಛಾಯಾಗ್ರಾಹಕರನ್ನು ಗೊತ್ತುಮಾಡಿದರೆ ಗುಟ್ಟು ರಟ್ಟಾಗುತ್ತದೆ, ಮಾಡದಿದ್ದರೆ ಚಿತ್ರವೇ ಇಲ್ಲ. ಏನು ಮಾಡಲಿ?

ಉತ್ತರ: ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಪ್ರಶ್ನೆ. ಆದರೂ ದಾರಿ ಇದೆ: ಛಾಯಾಗ್ರಾಹಕರು ಪ್ರವಾಸಿಯಂತೆ ದೂರ ನಿಲ್ಲಲಿ. ಗುಟ್ಟನ್ನು ಕಾಪಾಡುವುದು ಪೊದೆಯಲ್ಲ, ದೂರ. ಮೂವತ್ತು ಮೀಟರ್ ಆಚೆ, ಕಣ್ಣಿಗೆ ಬೀಳುವಂತೆಯೇ ನಿಂತು ಸರೋವರದ ಚಿತ್ರ ತೆಗೆಯುತ್ತಿರುವ ಪ್ರವಾಸಿಯನ್ನು ಯಾರೂ ಎರಡನೆಯ ಸಲ ತಿರುಗಿ ನೋಡುವುದಿಲ್ಲ. ಕ್ಯಾಮೆರಾ ಹಿಡಿದು ಪೊದೆಯ ಹಿಂದೆ ಕುಳಿತವನನ್ನು ಮಾತ್ರ ಎಲ್ಲರೂ ನೋಡುತ್ತಾರೆ.

ದೂರದಿಂದ ತೆಗೆಯಬೇಕಾದರೆ ಒಂದು ಷರತ್ತು. ನೀವಿಬ್ಬರೂ ಎಲ್ಲಿ ನಿಲ್ಲುತ್ತೀರಿ, ಯಾವ ಕಡೆ ಮುಖ ಮಾಡುತ್ತೀರಿ ಎಂಬುದು ಮೊದಲೇ ಗೊತ್ತಾಗಿರಬೇಕು. ಊರು, ತಂಗುವ ಕೋಣೆ, ಉಂಗುರದ ಕಲ್ಲು ಎಲ್ಲದರ ಬಗ್ಗೆಯೂ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರು ನಿಲ್ಲುವ ಜಾಗವನ್ನು ಮಾತ್ರ ‘ಅಲ್ಲಿಗೆ ಹೋದ ಮೇಲೆ ನೋಡೋಣ’ ಎಂದು ಬಿಟ್ಟಿರುತ್ತಾರೆ. ಚಿತ್ರ ಕೆಡುವುದು ಅಲ್ಲಿಯೇ.

ಅದಕ್ಕೂ ಮೊದಲು, ನೀವು ಕೇಳದಿದ್ದರೂ, ಒಂದು ಮಾತು. ಮದುವೆಯ ಬಗ್ಗೆ ನಿಮ್ಮಿಬ್ಬರ ನಡುವೆ ಮಾತು ಆಗಿದೆ ತಾನೆ? ಎಂದು, ಎಲ್ಲಿ, ಹೇಗೆ ಎಂಬುದು ಅಚ್ಚರಿಯಾಗಿರಲಿ. ಮದುವೆಯ ಯೋಚನೆಯೇ ಆಕೆಗೆ ಅಚ್ಚರಿಯಾಗಬಾರದು. ಇನ್ನು, ತನಗೆ ತಿಳಿಯದಂತೆ ತೆಗೆದ ಚಿತ್ರ ಆಕೆಗೆ ಹಿಡಿಸುತ್ತದೆಯೇ ಎಂಬುದನ್ನೂ ಯೋಚಿಸಿ. ಕೆಲವರು ಆ ಚಿತ್ರಗಳನ್ನು ನೋಡಿ ಕಣ್ತುಂಬಿಕೊಳ್ಳುತ್ತಾರೆ. ಕೆಲವರಿಗೆ ‘ಅಷ್ಟು ಹೊತ್ತೂ ಯಾರೋ ನಮ್ಮನ್ನು ನೋಡುತ್ತಿದ್ದರೇ?’ ಎಂದು ಮೈ ಮುದುಡುತ್ತದೆ. ಬೇರೆ ಯಾರದೋ ಇಂಥ ವಿಡಿಯೊವನ್ನು ಒಟ್ಟಿಗೆ ನೋಡುವಾಗ ಆಕೆ ಏನನ್ನುತ್ತಾಳೆ ಎಂದು ಕಿವಿಗೊಟ್ಟು ಕೇಳಿ. ಆಕೆಯ ಅಕ್ಕನನ್ನೋ ಆಪ್ತ ಗೆಳತಿಯನ್ನೋ ವಿಚಾರಿಸಿದರೆ ಇನ್ನೂ ಒಳ್ಳೆಯದು, ಹೊಟ್ಟೆಯಲ್ಲಿ ಮಾತು ಉಳಿಸಿಕೊಳ್ಳುವವರಾಗಿದ್ದರೆ. ಹಿಡಿಸುವುದಿಲ್ಲ ಎಂದು ತಿಳಿದರೆ ಗುಟ್ಟಿನ ಚಿತ್ರದ ಯೋಚನೆಯನ್ನೇ ಬಿಟ್ಟುಬಿಡಿ. ಆಕೆ ಒಪ್ಪಿದ ಮೇಲೆ ಇಬ್ಬರೂ ಸೇರಿ ತೆಗೆದುಕೊಂಡ ಸೆಲ್ಫಿಗೂ ಅದೇ ಬೆಲೆ.

ಈಗ ಜಾಗ. ಎಲ್ಲರೂ ಸಾಲುಗಟ್ಟಿ ಚಿತ್ರ ತೆಗೆಸಿಕೊಳ್ಳುವ ವ್ಯೂಪಾಯಿಂಟ್ ನಿಮ್ಮದಲ್ಲ. ಗ್ರೀಸಿನ ಸಾಂಟೊರಿನಿ ದ್ವೀಪದ ಓಯಾದಂಥ ಹೆಸರುವಾಸಿ ಜಾಗಗಳಲ್ಲಿ ಸೂರ್ಯಾಸ್ತದ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಅಂಥ ಕಡೆ ಮಂಡಿಯೂರಿದರೆ ಅಪರಿಚಿತರ ಚಪ್ಪಾಳೆ ಖಾತ್ರಿ. ಅಷ್ಟು ಜನರ ಎದುರು ‘ಸ್ವಲ್ಪ ಯೋಚಿಸುತ್ತೇನೆ’ ಎನ್ನುವ ಸ್ವಾತಂತ್ರ್ಯವೂ ಆಕೆಗೆ ಇರುವುದಿಲ್ಲ. ತುಸು ಕೆಳಗೆ, ದಾರಿಯಿಂದ ಪಕ್ಕಕ್ಕೆ ಸರಿದ ಯಾವುದಾದರೂ ತಿರುವಿನಲ್ಲಿ ಅದೇ ನೋಟದ ಮುಕ್ಕಾಲು ಪಾಲು ಸಿಗುತ್ತದೆ. ಮುಕ್ಕಾಲು ಸಾಕು. ಬೆಟ್ಟಸಾಲು ಹಿನ್ನೆಲೆಗೆ ಮಾತ್ರ, ನಾಳೆ ನೀವು ಮತ್ತೆ ಮತ್ತೆ ನೋಡುವುದು ಮುಖಗಳನ್ನು.

ನೆಲ ಸಮತಟ್ಟಾಗಿರಲಿ, ಅಂಚಿನಿಂದ ಮೂರು ನಾಲ್ಕು ಮೀಟರಾದರೂ ಒಳಗಿರಲಿ. ಉಂಗುರ ಕಂಡಾಗ ಹೆಚ್ಚಿನವರು ಮುಂದೆ ಬರುವುದಿಲ್ಲ. ಎರಡೂ ಕೈ ಬಾಯಿಗೆ ಒಯ್ದು ಒಂದು ಹೆಜ್ಜೆ ಹಿಂದಕ್ಕಿಡುತ್ತಾರೆ. ಆ ಹೆಜ್ಜೆಗೆ ನೆಲ ಬೇಕಲ್ಲ. ಪ್ರಪಾತದ ತುದಿಯಲ್ಲೇ ನಿಂತಂತೆ ಕಾಣಬೇಕೆಂಬ ಆಸೆಯಿದ್ದರೆ ಕ್ಯಾಮೆರಾವನ್ನು ನೆಲದ ಹತ್ತಿರಕ್ಕೆ ತಗ್ಗಿಸಿ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿನಲ್ಲಿ ತೆಗೆದರಾಯಿತು, ನಡುವಿನ ನೆಲ ಚಿತ್ರದಲ್ಲಿ ಅಡಗಿಹೋಗುತ್ತದೆ. ಜಲಪಾತದ ಬುಡ ಬೇಡ: ನಿಮ್ಮ ಮಾತು ಆಕೆಗೆ ಕೇಳಿಸುವುದಿಲ್ಲ, ಲೆನ್ಸಿನ ಮೇಲೆ ತುಂತುರು ಕೂರುತ್ತದೆ. ಹಲಗೆಯ ಸೇತುವೆಯೂ ಬೇಡ. ಸಂದಿಯಲ್ಲಿ ಜಾರಿದ ಉಂಗುರ ಮರಳಿ ಬರುವುದಿಲ್ಲ.

ನೀವು ಮುಂಚಿತವಾಗಿ ಒಬ್ಬರೇ ಹೋಗಿ ನೋಡಲಾಗದಿದ್ದರೆ ಛಾಯಾಗ್ರಾಹಕರು ಹೋಗಿ ಬಂದು ಫೋಟೊ ಕಳಿಸಲಿ. ‘ಸರೋವರದ ಹತ್ತಿರ’ ಎಂಬುದು ಗುರುತಲ್ಲ. ‘ಕಲ್ಲುಬೆಂಚಿನ ಎಡತುದಿಯಿಂದ ಎರಡು ಹೆಜ್ಜೆ, ಆಕೆಯ ಬಲಕ್ಕೆ ನೀರು’ ಎಂಬುದು ಗುರುತು.

ಹೊತ್ತಿನ ವಿಷಯ ಬಂದಾಗ ಎಲ್ಲರೂ ಸೂರ್ಯಾಸ್ತಕ್ಕೇ ಜೋತುಬೀಳುತ್ತಾರೆ. ನಾನು ಬೆಳಗಿನ ಪರ. ಜನ ಕಡಿಮೆ, ಗಾಳಿ ಸಾಮಾನ್ಯವಾಗಿ ಮಂದ, ಸರೋವರ ಅಲುಗಾಡದೆ ಬೆಟ್ಟದ ಪ್ರತಿಬಿಂಬ ಹಿಡಿದು ನಿಂತಿರುತ್ತದೆ. ನಸುಕಿನಲ್ಲಿ ಎಬ್ಬಿಸಿದರೆ ಮಧ್ಯಾಹ್ನದವರೆಗೂ ಸಿಡುಕುವ ಗೆಳತಿಯಾದರೆ ಮಾತ್ರ ಸಂಜೆಯೇ ಲೇಸು. ಎರಡರಲ್ಲೂ ನಿಮಗೆ ಬೇಕಾದದ್ದು ಸೂರ್ಯ ದಿಗಂತದಿಂದ ಮೇಲಕ್ಕೆ ಸುಮಾರು 6 ಡಿಗ್ರಿಯೊಳಗೆ ಇರುವ ಹೊತ್ತು. ಆಗ ಬೆಳಕು ಓರೆಯಾಗಿ, ಹೊಂಬಣ್ಣದಲ್ಲಿ ಬೀಳುತ್ತದೆ. ಕಣ್ಣಿನ ಗುಳಿಗಳಲ್ಲಿ ನೆರಳು ಕಟ್ಟುವುದಿಲ್ಲ. ಸಮಭಾಜಕ ವೃತ್ತದ ಹತ್ತಿರ ಈ ಹೊತ್ತು ಅರ್ಧ ಗಂಟೆಯೊಳಗೇ ಮುಗಿದುಹೋಗುತ್ತದೆ, ಧ್ರುವಗಳ ಕಡೆಗೆ ಹೋದಷ್ಟೂ ಹಿಗ್ಗುತ್ತದೆ.

ಬೆಟ್ಟಗಳ ನಡುವೆ ಇನ್ನೊಂದು ಮೋಸವಿದೆ. ಫೋನ್ ತೋರಿಸುವ ಸೂರ್ಯಾಸ್ತದ ಸಮಯ ಬಯಲಿನ ದಿಗಂತಕ್ಕೆ ಲೆಕ್ಕ ಹಾಕಿದ್ದು. ಪಶ್ಚಿಮಕ್ಕೆ ಬೆಟ್ಟಸಾಲು ಇದ್ದರೆ ಸೂರ್ಯ ಅದರ ಹಿಂದೆ ಎಷ್ಟೋ ಮೊದಲೇ ಇಳಿದಿರುತ್ತಾನೆ. ಎಷ್ಟು ಮೊದಲು? ತೋಳನ್ನು ನೇರ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಸರಿಸುಮಾರು 10 ಡಿಗ್ರಿ. ಸೂರ್ಯ ಆಕಾಶದಲ್ಲಿ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಕಣ್ಣಿನ ಮಟ್ಟದಿಂದ ಬೆಟ್ಟದ ನೆತ್ತಿಯವರೆಗೆ ಒಂದು ಮುಷ್ಟಿ ಎತ್ತರವಿದ್ದರೆ ನಿಮ್ಮ ಬಿಸಿಲು ಕಡಿಮೆಯೆಂದರೂ 40 ನಿಮಿಷ ಮುಂಚೆಯೇ ಹೋಯಿತು ಎಂದರ್ಥ. ಆರಕ್ಕೆ ಸೂರ್ಯಾಸ್ತವೆಂದು ನಂಬಿ ಐದೂವರೆಗೆ ಬಂದವರಿಗೆ ಅಲ್ಲಿ ಸಿಗುವುದು ತಣ್ಣನೆಯ ನೆರಳು. ಬೆಳಿಗ್ಗೆಗೂ ಇದೇ ಲೆಕ್ಕ, ತಿರುವುಮುರುವಾಗಿ. ಸೂರ್ಯ ಮುಳುಗುವ ದಿಕ್ಕೂ ಋತುವಿಗೆ ತಕ್ಕಂತೆ ಸರಿಯುವುದರಿಂದ, ಬೇಸಿಗೆಯಲ್ಲಿ ಯಾರೋ ತೆಗೆದ ಚಿತ್ರ ನೋಡಿ ಚಳಿಗಾಲಕ್ಕೆ ಜಾಗ ಆರಿಸಬೇಡಿ.

ಛಾಯಾಗ್ರಾಹಕರ ಹತ್ತಿರ ‘ಚೆನ್ನಾಗಿ ತೆಗೆಯಿರಿ’ ಎಂದು ಹೇಳಿ ಪ್ರಯೋಜನವಿಲ್ಲ. ಎಲ್ಲಿ ನಿಲ್ಲುತ್ತೀರಿ, ಯಾವ ಲೆನ್ಸ್ ತರುತ್ತೀರಿ ಎಂದು ಕೇಳಿ. ಈ ಕೆಲಸಕ್ಕೆ 70–200 ಮಿ.ಮೀ. ಝೂಮ್ ಹೇಳಿ ಮಾಡಿಸಿದಂತಿದೆ. ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ, 30 ಮೀಟರ್ ದೂರದಿಂದ, 200ಕ್ಕೆ ಇಟ್ಟರೆ ಚೌಕಟ್ಟಿನೊಳಗೆ ಸುಮಾರು ಐದೂವರೆ ಮೀಟರ್ ಅಗಲ ಬರುತ್ತದೆ: ನೀವಿಬ್ಬರು, ಸುತ್ತ ಒಂದಿಷ್ಟು ಹುಲ್ಲು, ಹಿಂದೆ ನೀರು. 70ಕ್ಕೆ ಇಳಿಸಿದರೆ 15 ಮೀಟರ್ ಅಗಲ. ಬೆಟ್ಟವೂ ಒಳಗೆ ಬಂತು. ನಿಂತಲ್ಲಿಂದ ಕದಲದೆ ಎರಡೂ ಬಗೆಯ ಚಿತ್ರ ಸಿಗುತ್ತದೆ. ಶಟರ್ ವೇಗ ಸೆಕೆಂಡಿನ 1/500 ಅಥವಾ ಅದಕ್ಕಿಂತ ಚುರುಕು, ಸಾಲಾಗಿ ಬಿಡದೆ ತೆಗೆಯುವ ಬರ್ಸ್ಟ್ ಮೋಡ್, ಫೋಕಸ್ ಆಕೆಯ ಮುಖದ ಮೇಲೆ. ಸೂರ್ಯ ನಿಮ್ಮ ಹಿಂದಿದ್ದರೆ ಕ್ಯಾಮೆರಾ ತಾನಾಗಿಯೇ ಆಕಾಶಕ್ಕೆ ಮಣೆ ಹಾಕಿ ಮುಖಗಳನ್ನು ಕಪ್ಪಾಗಿಸುತ್ತದೆ. ಎಕ್ಸ್‌ಪೋಷರನ್ನು (ಒಳಬರುವ ಬೆಳಕಿನ ಪ್ರಮಾಣ) ಒಂದು, ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡು ಪಟ್ಟು) ಏರಿಸಿಟ್ಟುಕೊಳ್ಳುವುದು ಬಲ್ಲವರಿಗೆ ಹೇಳಬೇಕಾಗಿಲ್ಲ. ಬಲ್ಲವರಲ್ಲದ ಗೆಳೆಯನನ್ನು, ಅವನ ಫೋನಿನ ಝೂಮನ್ನು ನಂಬಿ, ಅಷ್ಟು ದೂರ ನಿಲ್ಲಿಸಬೇಡಿ.

ಛಾಯಾಗ್ರಾಹಕರು ನಿಲ್ಲಬೇಕಾದದ್ದು ನಿಮ್ಮಿಬ್ಬರ ಪಕ್ಕಕ್ಕೆ, ತುಸು ನಿಮ್ಮ ಬೆನ್ನಿನ ಕಡೆಗೆ ಸರಿದು. ಆಗ ಆಕೆಯ ಮುಖ ಮುಕ್ಕಾಲು ಕಾಣುತ್ತದೆ. ನಿಮ್ಮ ಮುಖ ಅರ್ಧ ಕಂಡರೆ ಸಾಕು. ನೀವು ಏನು ಹೇಳಲಿದ್ದೀರಿ ಎಂಬುದು ನಿಮಗೆ ಗೊತ್ತೇ ಇದೆ, ಸುದ್ದಿ ಇಳಿಯುವುದು ಎದುರಿನ ಮುಖದ ಮೇಲೆ.

ಮಂಡಿಯೂರುವುದಾದರೆ ಕ್ಯಾಮೆರಾ ಕಡೆಯ ಮೊಣಕಾಲನ್ನು ನೆಲಕ್ಕೆ ಊರಿ. ಇನ್ನೊಂದನ್ನು ಊರಿದಿರೋ, ಎತ್ತರದಲ್ಲಿ ಉಳಿದ ಮೊಣಕಾಲು ನಿಮ್ಮ ಎದೆಗೂ ಕೈಗೂ ಅಡ್ಡಗೋಡೆಯಾಗುತ್ತದೆ. ಉಂಗುರದ ಡಬ್ಬಿ ಕ್ಯಾಮೆರಾದಿಂದ ಆಚೆಗಿರುವ ಕೈಯಲ್ಲಿ ಇರಲಿ, ನಿಮ್ಮ ಎದೆಯ ಎತ್ತರದಲ್ಲಿ. ಡಬ್ಬಿ ತೆರೆಯುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೈ ನಡುಗುವಾಗ ಅದು ತಿರುಗಿಬಿಡುತ್ತದೆ. ಉಂಗುರವನ್ನು ತಾವೇ ನೋಡುತ್ತ, ಗೆಳತಿಗೆ ಮುಚ್ಚಳದ ಬೆನ್ನು ತೋರಿಸುತ್ತ ಕುಳಿತ ಗಂಡಸರ ಚಿತ್ರಗಳು ಬೇಕಾದಷ್ಟಿವೆ. ಮುಚ್ಚಳದ ಕೀಲು ನಿಮ್ಮ ಎದೆಯ ಕಡೆ ಇರಬೇಕು. ಕೋಣೆಯ ಕನ್ನಡಿಯ ಮುಂದೆ ಕುಳಿತು, ಜೇಬಿನಿಂದ ತೆಗೆದು ತೆರೆಯುವವರೆಗೆ, ಕೈಗೆ ರೂಢಿಯಾಗುವಷ್ಟು ಸಲ ಮಾಡಿ ನೋಡಿ. ಆಕೆಗೆ ಕಾಣಬೇಕಾದದ್ದು ಕನ್ನಡಿಯಲ್ಲಿ ನಿಮಗೆ ಕಾಣಬೇಕು. ಚೌಕದ ಗಟ್ಟಿ ಡಬ್ಬಿ ಪ್ಯಾಂಟಿನ ಜೇಬಿನಲ್ಲಿ ಉಬ್ಬಿಕೊಂಡು ತಾನೇ ಗುಟ್ಟು ಹೇಳುತ್ತದೆ, ಚಪ್ಪಟೆಯಾದದ್ದನ್ನು ಹುಡುಕಿ. ವಿಮಾನದಲ್ಲಿ ಹೋಗುವುದಾದರೆ ಉಂಗುರ ಕೈಚೀಲದಲ್ಲಿರಲಿ, ಲಗೇಜಿಗೆ ಹಾಕಬೇಡಿ. ಗುಡ್ಡ ಹತ್ತಿ ಬೆವರಿದಾಗ ಬೆರಳು ಊದಿಕೊಳ್ಳುತ್ತದೆ, ಚಳಿಯಲ್ಲಿ ಸಣ್ಣಗಾಗುತ್ತದೆ. ಹತ್ತಿದ ಕೂಡಲೇ ಕೇಳುವ ಬದಲು ಸ್ವಲ್ಪ ಕುಳಿತು ಸುಧಾರಿಸಿಕೊಳ್ಳುವುದು ಬೆರಳಿಗೂ ಒಳ್ಳೆಯದು, ಉಸಿರಿಗೂ.

ಹೊರಗಿನವರೇ ಬೇಡ ಎಂದಾದರೆ ನಿಮ್ಮ ಫೋನ್, ಒಂದು ಟ್ರೈಪಾಡ್, ‘ಸೂರ್ಯೋದಯದ ಟೈಮ್‌ಲ್ಯಾಪ್ಸ್ ತೆಗೆಯುತ್ತೇನೆ’ ಎಂಬ ನೆಪ ಇಷ್ಟು ಸಾಕು. ಅನುಮಾನ ಬರಲು ಕಾರಣವೇ ಇಲ್ಲದ ನೆಪ. ಆದರೆ ನಿಜಕ್ಕೂ ಟೈಮ್‌ಲ್ಯಾಪ್ಸ್ ಹಾಕಿಬಿಟ್ಟೀರಿ ಜೋಕೆ! ಹತ್ತು ನಿಮಿಷ ಕೆಲವೇ ಸೆಕೆಂಡುಗಳಿಗೆ ಕುಗ್ಗಿ, ನೀವಿಬ್ಬರೂ ಇರುವೆಗಳಂತೆ ಸರಿದಾಡಿ ಮಾಯವಾಗುತ್ತೀರಿ. 4ಕೆ ಗುಣಮಟ್ಟದ ಸಾಮಾನ್ಯ ವಿಡಿಯೊ ಇಡಿ. ಅದರ ಒಂದೊಂದು ಚೌಕಟ್ಟೂ 3840×2160 ಪಿಕ್ಸೆಲ್, ಎಂದರೆ 8 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಹೆಚ್ಚು. ಬೇಕಾದ ಗಳಿಗೆಯನ್ನು ಆಮೇಲೆ ಬಿಡಿಸಿಕೊಂಡು 12 ಇಂಚು ಅಗಲಕ್ಕೆ ಮುದ್ರಿಸಿದರೂ ಸ್ಪಷ್ಟವಾಗಿಯೇ ಬರುತ್ತದೆ. ಫೋನನ್ನು ಅಡ್ಡಲಾಗಿ, ಎದೆಯ ಎತ್ತರದಲ್ಲಿ, ನಾಲ್ಕೈದು ಮೀಟರ್ ದೂರದಲ್ಲಿ ನಿಲ್ಲಿಸಿ, ಆಕೆ ನಿಲ್ಲುವ ಜಾಗದ ಮೇಲೆ ಪರದೆಯನ್ನು ಒತ್ತಿಹಿಡಿದು ಫೋಕಸ್ ಲಾಕ್ ಮಾಡಿ. ತಲೆಯ ಮೇಲೂ ಎರಡು ಬದಿಗೂ ಧಾರಾಳವಾಗಿ ಜಾಗ ಬಿಡಿ. ಖುಷಿಯಾದವರು ಗುರುತಿನ ಮೇಲೆ ನಿಲ್ಲುವುದಿಲ್ಲ. ಕರೆ ಬಂದರೆ ಚಿತ್ರೀಕರಣ ನಿಂತೀತು, ಆದ್ದರಿಂದ ಏರೋಪ್ಲೇನ್ ಮೋಡ್ ಹಾಕಿ. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಫೋನನ್ನು ಅಲ್ಲಿಯವರೆಗೆ ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಳ್ಳಿ.

ಡ್ರೋನ್ ಬೇಡ. ತಲೆಯ ಮೇಲೆ ಗುಂಯ್‌ಗುಟ್ಟುವ ಯಂತ್ರದಡಿ ಪ್ರೀತಿಯ ಮಾತು ಆಡಲಾಗದು ಎಂಬುದು ನನ್ನ ಅಭಿಪ್ರಾಯ. ಹಲವು ಕಡೆ ಕಾನೂನಿನ ಅಭಿಪ್ರಾಯವೂ ಅದೇ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ಡ್ರೋನ್ ಹಾರಿಸುವುದಕ್ಕೆ ನಿಷೇಧವಿದೆ. ಸಂರಕ್ಷಿತ ಪ್ರದೇಶಗಳಲ್ಲಿ ಟ್ರೈಪಾಡಿಗೆ, ಹಣ ಪಡೆದು ಚಿತ್ರ ತೆಗೆಯುವುದಕ್ಕೆ ಪ್ರತ್ಯೇಕ ಅನುಮತಿ ಬೇಕಾಗಬಹುದು. ಬೆಳಕೂ ಮೋಡವೂ ಒದಗಿ ಬಂದ ಹೊತ್ತಿಗೆ ಕಾವಲುಗಾರ ಬಂದು ‘ಚೀಟಿ ಎಲ್ಲಿ?’ ಎಂದರೆ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನೆನಪಾಗುತ್ತದೆ. ಗೇಟು ತೆರೆಯುವ, ಮುಚ್ಚುವ ಸಮಯವನ್ನೂ ವಿಚಾರಿಸಿ, ಸಂಜೆಯಾದರೆ ಇಳಿಯಲು ಟಾರ್ಚ್ ಇಟ್ಟುಕೊಳ್ಳಿ.

ಗುಟ್ಟು ಹೆಚ್ಚಾಗಿ ರಟ್ಟಾಗುವುದು ಫೋನಿನ ಪರದೆಯಿಂದ. ನೀವು ಆಕೆಗೆ ದಾರಿಯ ನಕ್ಷೆ ತೋರಿಸುತ್ತಿರುವಾಗಲೇ ಮೇಲಿನಿಂದ ‘ತಲುಪಿದೆ, ಉಂಗುರ ತಂದಿದ್ದೀರಿ ತಾನೆ?’ ಎಂಬ ಛಾಯಾಗ್ರಾಹಕರ ಸಂದೇಶ ಇಳಿದರೆ ಕಥೆ ಮುಗಿಯಿತು. ಸಂದೇಶದ ಮುನ್ನೋಟವನ್ನು ಮುಚ್ಚಿಡಿ. ಗುಡ್ಡದ ಮೇಲೆ ನೆಟ್‌ವರ್ಕ್ ಇರುತ್ತದೆ ಎಂದು ನಂಬಬೇಡಿ. ಹೊರಡುವ ಮೊದಲೇ ಹೊತ್ತು, ತಡವಾದರೆ ಎಷ್ಟು ಕಾಯಬೇಕು, ಮಳೆ ಬಂದರೆ ಯಾವ ದಿನ ಎಂಬುದನ್ನು ಮಾತಾಡಿಕೊಳ್ಳಿ. ನೀವಿಬ್ಬರೂ ಆ ದಿನ ತೊಟ್ಟ ಬಟ್ಟೆಯ ಬಣ್ಣವನ್ನು ಅವರಿಗೆ ತಿಳಿಸಿ. ಒಂದು ಸನ್ನೆಯೂ ಇರಲಿ: ಬೆನ್ನಿನ ಚೀಲ ಇಳಿಸಿದರೆ ಇನ್ನೊಂದು ನಿಮಿಷ ಎಂದರ್ಥ.

ಅತ್ಯಂತ ಮುಖ್ಯವಾದ ಸನ್ನೆ ಇನ್ನೊಂದಿದೆ, ಅದು ಉತ್ತರದ ನಂತರದ್ದು. ನೀವು ಕೈ ಎತ್ತಿ ಕರೆಯುವವರೆಗೆ ಛಾಯಾಗ್ರಾಹಕರು ಹತ್ತಿರ ಬರಕೂಡದು. ಆಕೆ ಒಪ್ಪಿದರೂ ಮೊದಲ ಐದು ಹತ್ತು ನಿಮಿಷ ನಿಮ್ಮಿಬ್ಬರದೇ. ಅಳುತ್ತಿರುವವಳ ಮುಂದೆ ‘ಅಭಿನಂದನೆ, ಸ್ವಲ್ಪ ಈ ಕಡೆ ತಿರುಗಿ’ ಎಂದು ಬಂದು ನಿಲ್ಲುವವರೂ ಇದ್ದಾರೆ. ಆಕೆ ಒಪ್ಪಲಿಲ್ಲವೋ, ಸಮಯ ಕೇಳಿದಳೋ, ನೀವು ಕೈ ಎತ್ತುವುದಿಲ್ಲ. ಅವರು ಪ್ರವಾಸಿಯಂತೆ ಬಂದಿದ್ದರು, ಪ್ರವಾಸಿಯಂತೆಯೇ ಹೊರಟುಹೋಗುತ್ತಾರೆ, ಅಲ್ಲೊಂದು ಕ್ಯಾಮೆರಾ ಇತ್ತೆಂಬುದು ಆ ಗಳಿಗೆಯಲ್ಲಿ ಆಕೆಗೆ ಇನ್ನೊಂದು ಭಾರವಾಗಬಾರದು. ಆ ಸಂದರ್ಭದಲ್ಲಿ ಚಿತ್ರಗಳನ್ನು ಅಳಿಸಬೇಕು ಎಂಬುದನ್ನು, ಮುಜುಗರವೆನಿಸಿದರೂ, ಮುಂಗಡ ಕೊಡುವಾಗಲೇ ಹೇಳಿಬಿಡಿ. ಹಾಗೆಯೇ, ಒಪ್ಪಿಗೆಯಾದ ಪಕ್ಷದಲ್ಲೂ ನಿಮ್ಮಿಬ್ಬರ ಅನುಮತಿಯಿಲ್ಲದೆ ಒಂದು ಚಿತ್ರವನ್ನೂ ತಮ್ಮ ಪುಟದಲ್ಲಿ ಹಾಕಿಕೊಳ್ಳುವುದಿಲ್ಲ ಎಂದು ಬರೆಸಿಕೊಳ್ಳಿ. ಮಗಳ ಮದುವೆ ನಿಶ್ಚಯವಾದದ್ದು ಆಕೆಯ ಅಪ್ಪ ಅಮ್ಮನಿಗೆ ಯಾವುದೋ ಸ್ಟುಡಿಯೊದ ಪುಟದಿಂದ ತಿಳಿದರೆ, ಆಮೇಲೆ ಉತ್ತರ ಹೇಳಬೇಕಾದವರು ನೀವು, ಸ್ಟುಡಿಯೊದವರಲ್ಲ.